ಕಾಳಿಗೆ ಕಲ್ಲು, ಕಂತ್ರಿಗೆ ಬೀದಿ: ನಾಯಿಗೊಂದು ಮನೆ ಹುಡುಕೋ ಸಾವಿರ ವರ್ಷದ ಕಥೆ

ಇವತ್ತಿನ ಕಂತು ನಾಯಿಗಳ ಬಗ್ಗೆ. ರೀಲ್ಸ್‌ನಲ್ಲಿ ಬರೋ ಮುದ್ದು ನಾಯಿಗಳ ಬಗ್ಗೆ ಅಲ್ಲ, ನಮ್ಮ ಬಸ್‌ಸ್ಟ್ಯಾಂಡ್‌ನಲ್ಲಿ ಮಲಗಿರೋ ನಾಯಿಗಳ ಬಗ್ಗೆ. ಅವು ಯಾರವು, ಅವುಗಳ ಹೊಣೆ ಯಾರದ್ದು, ಈ ಪ್ರಶ್ನೆಗೆ ನಮ್ಮ ನಾಡು ಬೇರೆ ಬೇರೆ ಕಾಲದಲ್ಲಿ ಏನೇನು ಉತ್ತರ ಕೊಟ್ಟಿದೆ ಅನ್ನೋದು ಇವತ್ತಿನ ವಿಷಯ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕು ಸೇರಿದ್ರೆ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗ. ಇಲ್ಲಿ ನಾನು ಮತ್ತು ಒಂದಷ್ಟು ಗೆಳೆಯರು ಗಾಯಗೊಂಡ, ಯಾರೋ ಬಿಟ್ಟುಹೋದ ನಾಯಿಗಳಿಗೆ ಚಿಕಿತ್ಸೆ ಕೊಡಿಸಿ, ಮನೆ ಹುಡುಕೋ ಕೆಲಸ ಮಾಡ್ತೀವಿ. ಸಂಸ್ಥೆ ಅನ್ನೋಷ್ಟು ದೊಡ್ಡದೇನಲ್ಲ. ಒಂದು ವಾಟ್ಸ್‌ಆ್ಯಪ್ ಗ್ರೂಪು, ಎರಡು ಬೈಕು, ಯಾರದೋ ಮನೆ ಹಿತ್ತಲು, ಅಷ್ಟೇ. ಈ ಕೆಲಸದಲ್ಲಿ ದಿನಾ ಕೇಳೋ ಮಾತು ಒಂದೇ: "ಇದೆಲ್ಲಾ ಹೊಸ ಶೋಕಿ, ನಮ್ಮ ಹಿರೀಕರು ನಾಯಿನ ನಾಯಿ ಥರ ಇಟ್ಟಿದ್ರು." ಹೌದಾ? ಹಿರೀಕರನ್ನೇ ಕೇಳೋಣ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ಆತಕೂರು ಶಾಸನ ಅಂತಾರೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿಂದ ಬಂದಿದ್ದು. ಕಾಲ ಕ್ರಿ.ಶ. 949-950. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ಮಹತ್ವ ಇರೋದು ತಕ್ಕೋಲದ ಯುದ್ಧದ ಕಾರಣಕ್ಕೆ. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ಚೋಳರನ್ನು ಸೋಲಿಸಿದ, ಚೋಳ ರಾಜಕುಮಾರ ರಾಜಾದಿತ್ಯ ಸತ್ತ ಯುದ್ಧ ಅದು. ಬೂತುಗನ ಜೊತೆ ಮಣಲೇರ ಅನ್ನೋ ವೀರನಿದ್ದ. ಚೆನ್ನಾಗಿ ಕಾದಾಡಿದ. ದೊರೆ ಮೆಚ್ಚಿ, ಏನು ಬೇಕೋ ಕೇಳು ಅಂದ.

ಆ ಕಾಲದಲ್ಲಿ ಇಂಥ ಹೊತ್ತಿನಲ್ಲಿ ಏನು ಸಿಗ್ತಿತ್ತು? ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಹೀಗೆ ನಾಡುಗಳೇ ಬಂದ್ವು. ಮಣಲೇರ ಕೇಳಿದ್ದು ಒಂದು ನಾಯಿಯನ್ನ. ಅದರ ಹೆಸರು ಕಾಳಿ. ಕೊಟ್ರು. ಆಮೇಲೆ ಬೆಳತೂರಿನ ಹತ್ತಿರದ ಕಾಡಲ್ಲಿ ಕಾಳಿಯನ್ನ ದೊಡ್ಡದೊಂದು ಹಂದಿಯ ಮೇಲೆ ಬಿಟ್ರು. ನಾಯಿ, ಹಂದಿ ಎರಡೂ ಒಟ್ಟಿಗೇ ಸತ್ವು. ಕಾಳಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿ ಮುಂದೆ ಕಲ್ಲು ನಿಲ್ಲಿಸಿದ್ರು. ಮೇಲ್ಭಾಗದಲ್ಲಿ ನಾಯಿ ಹಂದಿ ಕಾದಾಡೋ ಚಿತ್ರ ಇದೆ.

ನಾನು ಬಿ.ಕಾಂ ಓದಿದವನು. ಹಾಗಾಗಿ ನನ್ನ ಕಣ್ಣು ಹೋಗೋದು ಶಾಸನದ ಮುಂದಿನ ಭಾಗಕ್ಕೆ. ಬರೀ ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ. ಆ ಕಲ್ಲಿಗೆ ಕೆರೆ ಕೆಳಗಿನ ಎರಡು ಖಂಡುಗದ ಭೂಮಿ ಬಿಟ್ಕೊಟ್ರು. ಆ ಭೂಮಿಯನ್ನ ಯಾರಾದ್ರೂ ಹಾಳುಮಾಡಿದ್ರೆ ಆ ನಾಯಿ ಮಾಡಿದ ಪಾಪ ಅವರಿಗೆ ಅಂತ ಬರೆಸಿದ್ರು. ಜಾಗ ನೋಡ್ಕೊಳ್ಳೋ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡ್ರೆ ಅವನಿಗೂ ಅದೇ ಪಾಪ. ಅಂದ್ರೆ ಕೊಟ್ಟವರು ಯಾರು, ಪಡೆದವರು ಯಾರು, ನೋಡ್ಕೊಳ್ಳೋರು ಯಾರು, ಖರ್ಚಿಗೆ ದುಡ್ಡು ಎಲ್ಲಿಂದ, ತಪ್ಪಿದ್ರೆ ಶಿಕ್ಷೆ ಏನು, ಎಲ್ಲಾ ಇದೆ. ಒಂದು ನಾಯಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದ್ದನ್ನ ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟ ದಾಖಲೆ ಇದು. ನಾವು ಇವತ್ತು ದತ್ತು ಕೊಡುವಾಗ ಬರೆಸ್ಕೊಳ್ಳೋ ಪತ್ರದಲ್ಲೂ ಇರೋದು ಇದೇ ಪ್ರಶ್ನೆಗಳು.

ಆದ್ರೆ ಇದನ್ನ ಸುಮ್ಮನೆ ಹೊಗಳೋದೂ ಬೇಡ. ಕಾಳಿ ಬೇಟೆ ನಾಯಿ. ಅದಕ್ಕೆ ಗೌರವ ಸಿಕ್ಕಿದ್ದು ಅದು ಮಾಡಿದ ಕೆಲಸಕ್ಕೆ. ಅದೇ ಊರಲ್ಲಿ ಆವತ್ತು ಬೀದಿಲಿದ್ದ ನಾಯಿಗಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಕೆಲಸ ಇರೋ ನಾಯಿಗೆ ಹೆಸರು, ಮನೆ ಎರಡೂ ಇತ್ತು ಅನ್ನೋದಷ್ಟೇ ಇದರಿಂದ ತಿಳಿಯೋದು.

ನಮ್ಮ ಭಾಗಕ್ಕೂ ಈ ಮಾತು ಒಪ್ಪುತ್ತೆ. ಶಿರಾ, ಪಾವಗಡ, ಮಧುಗಿರಿ ಕುರಿ ಸಾಕೋ ನಾಡು. ಗೊಲ್ಲರ ಹಟ್ಟಿಗಳಲ್ಲಿ ನಾಯಿ ಅಂದ್ರೆ ರಾತ್ರಿ ಕಾವಲು. ತೋಳ, ಚಿರತೆ ಬಂದ್ರೆ ಮೊದಲು ಎದ್ದು ನಿಲ್ಲೋದು ಅದೇ. ಮೈಲಾರಲಿಂಗನ ಒಕ್ಕಲಿನ ಗೊರವಯ್ಯಗಳು ನಾಯಿ ಥರ ಬೊಗಳ್ತಾ ದೋಣಿಯಿಂದ ಪ್ರಸಾದ ತಿನ್ನೋ ಆಚರಣೆ ಕೇಳಿರ್ತೀರಿ. ದೇವರ ನಾಯಿ ಅನ್ನಿಸ್ಕೊಳ್ಳೋದು ಅಲ್ಲಿ ಅವಮಾನ ಅಲ್ಲ, ಹೆಮ್ಮೆ. ಭೈರವನ ವಾಹನವೂ ನಾಯಿನೇ.

ಹಾಗಾದ್ರೆ 'ನಾಯಿ' ಅನ್ನೋದು ಬರೀ ಬೈಗುಳ ಆಗಿದ್ದು ಹೇಗೆ? ಇದಕ್ಕೆ ಒಂದೇ ಕಾರಣ ಇಲ್ಲ. ಆದ್ರೆ ಒಂದು ಪದ ನೋಡಿ: ಕಂತ್ರಿ ನಾಯಿ. ಇದು 'ಕಂಟ್ರಿ' ಅನ್ನೋ ಇಂಗ್ಲಿಷ್ ಪದವೇ ಕಣ್ರಿ. ಸಾಹೇಬರ ಬಾಯಲ್ಲಿ ವಿಲಾಯಿತಿ ನಾಯಿ ಬೇರೆ, ಈ ದೇಶದ್ದು ಬೇರೆ. ನಾವು ಆ ಪದ ತಗೊಂಡು, ಎದುರಿಗೆ 'ಜಾತಿ ನಾಯಿ' ಅನ್ನೋ ಇನ್ನೊಂದು ಪದ ಇಟ್ಕೊಂಡ್ವಿ. ದತ್ತು ಕೊಡೋಕೆ ಫೋಟೋ ಹಾಕಿದ ತಕ್ಷಣ ಬರೋ ಮೊದಲ ಪ್ರಶ್ನೆ "ಜಾತಿದಾ?" ಅಂತ. ಎರಡನೇದು "ಗಂಡಾ ಹೆಣ್ಣಾ?" ಹೆಣ್ಣು ಅಂದ್ರೆ ಮರಿ ಹಾಕುತ್ತೆ ಅಂತ ಮಾತು ಅಲ್ಲೇ ಮುಗೀತು. ಮನುಷ್ಯರ ಮಧ್ಯೆ ಇರೋ ರೋಗಗಳನ್ನೆಲ್ಲಾ ನಾಯಿಗೂ ಅಂಟಿಸಿದ್ದೀವಿ.

ಬ್ರಿಟಿಷರ ಕಾಲದಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಆಯ್ತು. ಯಾರದ್ದೂ ಅಲ್ಲದ ನಾಯಿಯನ್ನ ಕೊಲ್ಲೋದು ಪಟ್ಟಣದ ಆಡಳಿತದ ಕೆಲಸ ಆಯ್ತು. 1832ರಲ್ಲಿ ಮುಂಬೈಯಲ್ಲಿ ಹೀಗೆ ನಾಯಿ ಕೊಲ್ಲೋಕೆ ಹೊರಟಾಗ, ನಾಯಿಯನ್ನ ಪವಿತ್ರ ಅಂತ ನಂಬೋ ಪಾರ್ಸಿಗಳು ಬೀದಿಗಿಳಿದ್ರು. ಅಂಗಡಿಗಳು ಮುಚ್ಚಿದ್ವು, ಗಲಭೆಯೇ ಆಯ್ತು. ಮದ್ರಾಸಿನಲ್ಲಿ 1860ರಿಂದ ಕೊಲ್ಲೋದು ಶುರುವಾಗಿ ನೂರಕ್ಕೂ ಹೆಚ್ಚು ವರ್ಷ ನಡೀತು.

ಕೊಲ್ಲೋದರ ಹಿಂದೆ ನಿಜವಾದ ಭಯವೂ ಇತ್ತು. ಅದನ್ನ ಮರೆಯೋ ಹಾಗಿಲ್ಲ. ರೇಬಿಸ್ ಲಕ್ಷಣ ಕಾಣಿಸ್ಕೊಂಡ ಮೇಲೆ ಬದುಕೋದು ಇಲ್ಲ ಅನ್ನೋಷ್ಟು ಅಪರೂಪ, ಇವತ್ತಿಗೂ. ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ 1900ರಲ್ಲಿ ಪಾಶ್ಚರ್ ಸಂಸ್ಥೆ ಬಂತು. ದಕ್ಷಿಣದವರಿಗೆ 1907ರಲ್ಲಿ ಕೂನೂರಲ್ಲಿ ಒಂದು ತೆರೀತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ನಮ್ಮ ಅಪ್ಪ ಅಮ್ಮ ಹೆದರಿಸ್ತಾರಲ್ಲ, ಅದು ಹಳೇ ಲಸಿಕೆ. ಸುಮಾರು 2005ರ ಹೊತ್ತಿಗೆ ಅದನ್ನ ದೇಶದಲ್ಲಿ ನಿಲ್ಲಿಸಿದ್ರು. ಈಗ ಇರೋದು ಕೆಲವೇ ಡೋಸ್, ತೋಳಿಗೆ. ಕಚ್ಚಿದ್ರೆ ಮೊದಲು ಸೋಪು ಹಾಕಿ, ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೀರಿ, ಆಮೇಲೆ ತಡಮಾಡದೆ ಆಸ್ಪತ್ರೆಗೆ. ಸುಣ್ಣ, ಖಾರದಪುಡಿ ಯಾವುದೂ ಬೇಡ.

ಸ್ವಾತಂತ್ರ್ಯದ ನಂತರ ದಾರಿ ನಿಧಾನಕ್ಕೆ ತಿರುಗಿತು. ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪ್ರಾಣಿಗಳ ಪರ ಮಸೂದೆ ತಂದ್ರು. ಅದರ ಫಲವಾಗಿ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು, 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ. ಮದ್ರಾಸಿನ ಬ್ಲೂ ಕ್ರಾಸ್‌ನವರು 1960ರ ದಶಕದಲ್ಲೇ ಒಂದು ಸರಳ ಲೆಕ್ಕ ಮುಂದಿಟ್ರು: ಇಷ್ಟು ವರ್ಷ ಕೊಂದ್ರೂ ನಾಯಿ ಕಡಿಮೆ ಆಗಿಲ್ಲ, ಯಾಕಂದ್ರೆ ಖಾಲಿ ಆದ ಜಾಗಕ್ಕೆ ಪಕ್ಕದ ಬೀದಿದು ಬರುತ್ತೆ, ಮರಿ ಹಾಕುತ್ತೆ. ಹಾಗಾಗಿ ಸಂತಾನಹರಣ ಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಅದೇ ಜಾಗಕ್ಕೆ ಬಿಡಿ. ಪಾಲಿಕೆ ಒಪ್ಪಿದ್ದು 1996ರಲ್ಲಿ. 2001ರಲ್ಲಿ ಅದೇ ದೇಶದ ನಿಯಮ ಆಯ್ತು.

ನಮ್ಮ ರಾಜ್ಯದ ಮಟ್ಟಿಗೆ ಹೇಳಲೇಬೇಕಾದ ಹೆಸರು ಕ್ರಿಸ್ಟಲ್ ರೋಜರ್ಸ್. ಇಂಗ್ಲೆಂಡಿನ ಮೂಲದ ಹೆಂಗಸು. ದೆಹಲಿಯಲ್ಲಿ, ಜೈಪುರದಲ್ಲಿ ಪ್ರಾಣಿಗಳಿಗೆ ಆಶ್ರಯ ಕಟ್ಟಿ, ಇಳಿವಯಸ್ಸಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಕುಪಾ ಸಂಸ್ಥೆ ಶುರು ಮಾಡಿದ್ರು. ಬೆಂಗಳೂರಲ್ಲಿ ಬೀದಿ ನಾಯಿಗೆ ಮನೆ ಹುಡುಕೋದು ಒಂದು ವ್ಯವಸ್ಥಿತ ಕೆಲಸ ಆಗೋದರಲ್ಲಿ ಇಂಥವರ ಪಾಲು ದೊಡ್ಡದು. ಅದೇ ಬೆಂಗಳೂರಲ್ಲಿ 2007ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಇಬ್ಬರು ಪುಟ್ಟ ಮಕ್ಕಳು ನಾಯಿಗಳ ದಾಳಿಗೆ ಸತ್ತರು. ಜನ ರೊಚ್ಚಿಗೆದ್ರು, ನಾಯಿಗಳ ಮಾರಣಹೋಮ ಆಯ್ತು. ನಾಯಿ ಪ್ರೀತಿಸೋರು ಆ ಮಕ್ಕಳನ್ನ ಮರೆತು ಮಾತಾಡಿದ್ರೆ ಯಾರೂ ಕೇಳಲ್ಲ, ಕೇಳಲೂಬಾರದು.

ಈಗ ಇವತ್ತಿನ ಕಾಲಕ್ಕೆ ಬರೋಣ. 2023ರ ಹೊಸ ನಿಯಮ ಬೀದಿ ನಾಯಿಯನ್ನ 'ಸಮುದಾಯದ ಪ್ರಾಣಿ' ಅಂತ ಕರೆಯಿತು. ಚಿಕಿತ್ಸೆ, ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆದು ಅಂದಿತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತಲ ನಾಯಿಗಳನ್ನೆಲ್ಲಾ ಶೆಲ್ಟರ್‌ಗೆ ಹಾಕಿ ಅಂತು. ಆಗಸ್ಟ್ 22ಕ್ಕೆ ಅದನ್ನ ಬದಲಿಸಿ, ರೇಬಿಸ್ ಇರೋ ಮತ್ತು ಆಕ್ರಮಣಕಾರಿ ನಾಯಿ ಬಿಟ್ಟು ಉಳಿದವನ್ನ ಚಿಕಿತ್ಸೆ, ಲಸಿಕೆ ಆದ ಮೇಲೆ ಅದೇ ಜಾಗಕ್ಕೆ ಬಿಡಬಹುದು ಅಂತು. ದತ್ತು ತಗೊಂಡ ನಾಯಿ ಮತ್ತೆ ಬೀದಿಗೆ ಬರಬಾರದು ಅಂತಲೂ ಹೇಳಿತು. ನವೆಂಬರ್ 7ರ ಆದೇಶ ಇಡೀ ದೇಶಕ್ಕೆ: ಶಾಲೆ, ಕಾಲೇಜು, ಆಸ್ಪತ್ರೆ, ಬಸ್‌ಸ್ಟ್ಯಾಂಡ್, ರೈಲ್ವೆ ನಿಲ್ದಾಣಗಳಿಂದ ನಾಯಿ ಹಿಡಿದು ಶೆಲ್ಟರ್‌ಗೆ ಸೇರಿಸಬೇಕು, ವಾಪಸ್ ಅಲ್ಲೇ ಬಿಡಬಾರದು.

ದೆಹಲಿಲಿ ಕೂತು ನೋಡಿದ್ರೆ ಇದು ಒಂದು ಥರ ಕಾಣುತ್ತೆ. ಪಾವಗಡದಲ್ಲಿ ನಿಂತು ನೋಡಿದ್ರೆ ಬೇರೆ ಥರ. ಪಾವಗಡದಿಂದ ಜಿಲ್ಲಾ ಕೇಂದ್ರಕ್ಕೆ ನೂರು ಕಿಲೋಮೀಟರ್ ಹತ್ತಿರ ಹತ್ತಿರ. ಕಾಲು ಮುರಿದ ನಾಯಿನ ಅಷ್ಟು ದೂರ ಸಾಗಿಸೋ ಗಾಡಿ ಬಾಡಿಗೆನೇ ಚಿಕಿತ್ಸೆಗಿಂತ ಜಾಸ್ತಿ. ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು, ಕುರಿ ಮೇಯೋ ಜಾಗ ಕಡಿಮೆ ಆಯ್ತು ಅಂತ ಕುರಿಗಾಹಿಗಳು ಹೇಳ್ತಾರೆ. ಕುರಿ ಮಾರಿದವನಿಗೆ ಕಾವಲು ನಾಯಿ ಯಾಕೆ ಬೇಕು? ಶಿರಾದಲ್ಲಿ ರಾಷ್ಟ್ರೀಯ ಹೆದ್ದಾರಿ 48 ಇದೆ, ಅಂದ್ರೆ ಅಪಘಾತ. ಕೊರಟಗೆರೆ ಗುಡ್ಡಗಳ ಕಡೆ ಚಿರತೆಗೆ ನಾಯಿ ಸುಲಭದ ಊಟ, ಊರಲ್ಲಿ ನಾಯಿ ಹೆಚ್ಚಾದ್ರೆ ಚಿರತೆನೂ ಹತ್ತಿರ ಬರುತ್ತೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶ ಇದೆ. ಅಂಥ ಬಯಲಲ್ಲಿ ನಾಯಿಗಳ ಗುಂಪು ಕೃಷ್ಣಮೃಗದ ಮರಿಗೆ ಅಪಾಯ. ಹಾಗಾಗಿ ಊರಿನ ನಾಯಿನ ಹಿಡಿದು ಊರಾಚೆ ಬಿಟ್ಟು ಬರೋದು ದಯೆನೂ ಅಲ್ಲ, ಪರಿಹಾರನೂ ಅಲ್ಲ. ಕಷ್ಟ ಇನ್ನೊಬ್ಬರ ಹೊಲಕ್ಕೆ ಸಾಗಿತು, ಅಷ್ಟೇ.

ಇಂಥ ಕಡೆ ನಮ್ಮಂಥ ಗುಂಪುಗಳು ಮಾಡಬಹುದಾದ ಕೆಲಸ ಸಣ್ಣದು. ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಯಾಕಂದ್ರೆ ಪಾರ್ವೊ ಬಂದ್ರೆ ಇಡೀ ಸೂಲಿನ ಮರಿಗಳೇ ಹೋಗ್ತವೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಆಮೇಲೆ ಮನೆ. ಮನೆ ನೋಡುವಾಗ ಪ್ರೀತಿ ಇದೆಯಾ ಅಂತ ಕೇಳಲ್ಲ, ಎಲ್ರೂ ಇದೆ ಅಂತಾರೆ. ಹಬ್ಬಕ್ಕೆ ಊರಿಗೆ ಹೋದ್ರೆ ಅನ್ನ ಹಾಕೋರು ಯಾರು, ಬಾಡಿಗೆ ಮನೆ ಆದ್ರೆ ಓನರ್ ಒಪ್ಪಿದ್ದಾರಾ, ಅಜ್ಜಿ ತಾತ ಏನಂತಾರೆ, ಇವನ್ನ ಕೇಳ್ತೀವಿ. ತೋಟದ ಮನೆಗೆ ಬೇಕು ಅಂದ್ರೆ ಸರಪಳಿ ಎಷ್ಟು ಹೊತ್ತು ಅಂತ ಕೇಳ್ತೀವಿ. ಹೆಣ್ಣು ಮರಿ ಕೊಟ್ರೆ ಸಂತಾನಹರಣದ ಆಪರೇಷನ್ ಹೊಣೆ ನಮ್ಮದೇ ಅಂತೀವಿ. ಈ ಒಂದು ಮಾತಿಂದಲೇ ಎಷ್ಟೋ ಹೆಣ್ಣು ಮರಿಗಳಿಗೆ ಮನೆ ಸಿಕ್ಕಿದೆ.

ಆದ್ರೆ ನೇರವಾಗಿ ಹೇಳ್ತೀನಿ, ದತ್ತು ಕೊಟ್ಟು ಬೀದಿ ಖಾಲಿ ಮಾಡೋಕಾಗಲ್ಲ. ಒಂದು ಹೆಣ್ಣು ನಾಯಿ ವರ್ಷಕ್ಕೆ ಹಾಕೋ ಮರಿಗಳಿಗೆ ಮನೆ ಹುಡುಕೋಷ್ಟರಲ್ಲಿ ಪಕ್ಕದ ಬೀದಿದು ಮರಿ ಹಾಕಿರುತ್ತೆ. ರೇಬಿಸ್ ಹರಡೋದು ನಿಲ್ಲಬೇಕು ಅಂದ್ರೆ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದ್ರೂ ಲಸಿಕೆ ಬಿದ್ದಿರಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅದು ಎರಡು ಬೈಕಿನ ಕೆಲಸ ಅಲ್ಲ. ಪುರಸಭೆ, ನಗರಸಭೆ, ಪಟ್ಟಣ ಪಂಚಾಯಿತಿ, ಪಶು ಆಸ್ಪತ್ರೆ ಸೇರಿ ಮಾಡಬೇಕಾದ ಕೆಲಸ.

ನಿಮ್ಮಲ್ಲಿ ತುಂಬಾ ಜನ 'ನಾವೇನು ಮಾಡಬಹುದು' ಅಂತ ಮೆಸೇಜ್ ಮಾಡ್ತೀರಿ. ಮನೇಲಿ ಜಾಗ ಇದ್ರೆ ಒಂದು ಹೆಣ್ಣು ಮರಿ ತಗೊಳ್ಳಿ, ಸಂತಾನಹರಣ ಮಾಡಿಸಿ. ಜಾಗ ಇಲ್ವಾ? ನಿಮ್ಮ ಊರಿನ ಸ್ಥಳೀಯ ಸಂಸ್ಥೆಗೆ ಒಂದು ಅರ್ಜಿ ಬರೀರಿ. 2023ರ ನಿಯಮದ ಪ್ರಕಾರ ಇರಬೇಕಾದ ಉಸ್ತುವಾರಿ ಸಮಿತಿ ರಚನೆ ಆಗಿದೆಯಾ, ಈ ವರ್ಷದ ಬಜೆಟ್‌ನಲ್ಲಿ ಇದಕ್ಕೆ ಎಷ್ಟು ಇಟ್ಟಿದ್ದಾರೆ, ಎಷ್ಟು ನಾಯಿಗೆ ಆಪರೇಷನ್ ಆಯ್ತು, ಎಷ್ಟಕ್ಕೆ ಲಸಿಕೆ ಬಿತ್ತು ಅಂತ ಕೇಳಿ. ಮಾಹಿತಿ ಹಕ್ಕಿನಡಿ ಕೇಳಿದ್ರೆ ಅರ್ಜಿ ಶುಲ್ಕ ಹತ್ತೇ ರೂಪಾಯಿ.

ಸಾವಿರ ವರ್ಷದ ಹಿಂದೆ ಸತ್ತ ಒಂದು ನಾಯಿಯ ಹೆಸರಲ್ಲಿ ಎರಡು ಖಂಡುಗ ಭೂಮಿ ಎತ್ತಿಟ್ಟು, ನೋಡ್ಕೊಳ್ಳೋಕೆ ಒಬ್ಬನನ್ನ ನೇಮಿಸಿದ ನಾಡು ಇದು. ಬದುಕಿರೋ ನಾಯಿಗಳ ಹೆಸರಲ್ಲಿ ಎಷ್ಟು ಎತ್ತಿಟ್ಟಿದ್ದೀರಿ ಅಂತ ಕೇಳೋದು ನಮ್ಮ ಹಕ್ಕು. ನಾಲ್ಕು ತಾಲ್ಲೂಕಿಂದ ನಾಲ್ಕು ಅರ್ಜಿ ಹೋಗಲಿ. ಬಂದ ಉತ್ತರ ನನಗೂ ಕಳಿಸಿ, ಮುಂದಿನ ಕಂತಲ್ಲಿ ಓದ್ತೀನಿ. ಸಿಗೋಣ.