ಹಳೆಯ ಜೀಪು ಸ್ಟಾರ್ಟ್ ಆಗದಿದ್ದರೆ: ದೋಷ ಎಂಜಿನ್ ಕಂಪ್ಯೂಟರಿನದೋ, ಇಮ್ಮೊಬಿಲೈಸರಿನದೋ?

ಗುಡ್ಡಗಾಡಿನ ಹಾದಿಗೆಂದೇ ರೂಪುಗೊಂಡ ಫೋರ್ ವ್ಹೀಲ್ ಡ್ರೈವ್ ವಾಹನಗಳಲ್ಲಿ 1990ರ ದಶಕದಿಂದೀಚೆಗೆ ಎರಡು ಎಲೆಕ್ಟ್ರಾನಿಕ್ ಘಟಕಗಳು ಸಾಮಾನ್ಯವಾದವು. ಮೊದಲನೆಯದು ಇಂಧನದ ಪ್ರಮಾಣ ಮತ್ತು ಕಾಲವನ್ನು ನಿರ್ಧರಿಸುವ ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು. ಎರಡನೆಯದು ಕಳ್ಳತನವನ್ನು ತಡೆಯುವ ಇಮ್ಮೊಬಿಲೈಸರ್. ಐರೋಪ್ಯ ಒಕ್ಕೂಟವು 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯಗೊಳಿಸಿತು.

ಆ ಕಾಲದ ವಾಹನಗಳಿಗೆ ಈಗ ಇಪ್ಪತ್ತು ವರ್ಷ ಮೀರಿದೆ. ಅವು ಸ್ಟಾರ್ಟ್ ಆಗದೆ ನಿಂತಾಗ 'ಇಸಿಯು ಹೋಗಿದೆ' ಎಂಬ ತೀರ್ಪು ಬಹು ಸುಲಭವಾಗಿ ಹೊರಬೀಳುತ್ತದೆ. ಹಳೆಯ ಮಾದರಿಗಳಿಗೆ ಹೊಸ ಇಸಿಯು ದೊರೆಯುವುದು ದುರ್ಲಭ. ಹೀಗಾಗಿ ಒಂದು ತಪ್ಪು ತೀರ್ಪು ಸುಸ್ಥಿತಿಯಲ್ಲಿರುವ ವಾಹನವನ್ನು ಗುಜರಿಗೆ ದೂಡಬಲ್ಲದು. ಇಸಿಯು ಕೆಟ್ಟಿದೆ ಎಂಬುದು ಪರೀಕ್ಷೆಯ ಕೊನೆಯಲ್ಲಿ ತಲುಪಬೇಕಾದ ನಿರ್ಣಯವೇ ಹೊರತು ಆರಂಭದ ಊಹೆಯಲ್ಲ.

ಎರಡರ ನಂಟು

ಬಹುತೇಕ ವಾಹನಗಳ ಕೀಲಿಯ ತಲೆಯೊಳಗೆ ಬ್ಯಾಟರಿಯಿಲ್ಲದ ಪುಟ್ಟ ಚಿಪ್ ಇರುತ್ತದೆ. ಇಗ್ನಿಷನ್ ಬೀಗದ ಸುತ್ತಲಿನ ತಂತಿಸುರುಳಿಯು ಸುಮಾರು 125 ಕಿಲೋಹರ್ಟ್ಸ್ ಆವರ್ತನದ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಅದರಿಂದಲೇ ಶಕ್ತಿ ಪಡೆಯುವ ಚಿಪ್ ತನ್ನ ಗುಪ್ತಸಂಖ್ಯೆಯನ್ನು ರವಾನಿಸುತ್ತದೆ. ಸಂಖ್ಯೆ ಹೊಂದಿಕೆಯಾದರೆ ಇಮ್ಮೊಬಿಲೈಸರ್ ಇಸಿಯುಗೆ ಅನುಮತಿ ನೀಡುತ್ತದೆ. ಹೊಂದದಿದ್ದರೆ ಇಸಿಯು ಇಂಧನವನ್ನೋ ಕಿಡಿಯನ್ನೋ ತಡೆಹಿಡಿಯುತ್ತದೆ. ಇಲ್ಲಿ ಇಸಿಯು ಆರೋಗ್ಯವಾಗಿಯೇ ಇದೆ. ತನಗೆ ವಿಧಿಸಿದ ಕೆಲಸವನ್ನೇ ಮಾಡುತ್ತಿದೆ ಎಂಬುದನ್ನು ಗಮನಿಸಬೇಕು.

ಲಕ್ಷಣಗಳು ಹೇಳುವುದೇನು?

ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಎರಡು ದೀಪಗಳನ್ನು ನೋಡಬೇಕು. ಎಂಜಿನ್ ಎಚ್ಚರಿಕೆ ದೀಪ ಹೊತ್ತಿದರೆ ಸಾಮಾನ್ಯವಾಗಿ ಇಸಿಯುಗೆ ವಿದ್ಯುತ್ ತಲುಪಿದೆ, ಅದು ಎಚ್ಚರವಾಗಿದೆ ಎಂದರ್ಥ. ಕೀಲಿಯ ಚಿತ್ರವಿರುವ ಭದ್ರತಾ ದೀಪ ಒಂದೇ ಸಮನೆ ಮಿಟುಕುತ್ತಿದ್ದರೆ ಅನುಮಾನ ಇಮ್ಮೊಬಿಲೈಸರ್ ಕಡೆಗೆ ತಿರುಗಬೇಕು. ಎಂಜಿನ್ ಶುರುವಾಗಿ ಒಂದೆರಡು ಸೆಕೆಂಡಿನಲ್ಲಿ ನಿಂತುಹೋಗುವುದೂ ಹಲವು ಮಾದರಿಗಳಲ್ಲಿ ಇಮ್ಮೊಬಿಲೈಸರ್ ತಡೆಯ ಗುರುತು.

ಇಂಥ ಸಂದರ್ಭದಲ್ಲಿ ಮೊದಲು ಎರಡನೇ ಕೀಲಿಯಿಂದ ಪ್ರಯತ್ನಿಸಬೇಕು. ಒಂದೇ ಗೊಂಚಲಿನಲ್ಲಿ ಬೇರೆ ವಾಹನದ ಚಿಪ್ ಕೀಲಿಗಳಿದ್ದರೆ ಅವನ್ನು ಬೇರ್ಪಡಿಸಬೇಕು. ಎರಡನೇ ಕೀಲಿಗೆ ಎಂಜಿನ್ ಓಡಿದರೆ ದೋಷ ಮೊದಲ ಕೀಲಿಯಲ್ಲಿದೆ. ಎರಡೂ ವಿಫಲವಾದರೆ ಬೀಗದ ಸುತ್ತಲಿನ ತಂತಿಸುರುಳಿ ಮತ್ತು ಅದರ ಪ್ಲಗ್ ಪರೀಕ್ಷಿಸುವುದು ಯುಕ್ತ.

ಮೊದಲು ವಿದ್ಯುತ್, ಆಮೇಲೆ ಕಂಪ್ಯೂಟರ್

ಪೂರ್ಣ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ ಅದು 9.6 ವೋಲ್ಟ್‌ಗಿಂತ ಕೆಳಗಿಳಿಯಬಾರದು. ವೋಲ್ಟೇಜ್ ತೀರಾ ಕುಸಿದರೆ ಆರೋಗ್ಯವಂತ ಇಸಿಯು ಕೂಡ ಮೂರ್ಛೆ ಹೋದಂತೆ ವರ್ತಿಸುತ್ತದೆ. ಬಳಿಕ ಫ್ಯೂಸ್ ಮತ್ತು ಮುಖ್ಯ ರಿಲೇ ಸರದಿ.

ಕೆಸರು ನೀರು ಕಂಡ ವಾಹನಗಳಲ್ಲಿ ಅರ್ತ್ ಸಂಪರ್ಕಕ್ಕೆ ತುಕ್ಕು ಹಿಡಿಯುವುದು ಸಾಮಾನ್ಯ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಇಸಿಯು ಪ್ಲಗ್ಗಿನ ಅರ್ತ್ ಪಿನ್ನಿಗೂ ತಾಗಿಸಿ ಸ್ಟಾರ್ಟರ್ ತಿರುಗಿಸಬೇಕು. ಅಂತರ 0.2 ವೋಲ್ಟ್ ಮೀರಿದರೆ ಅರ್ತ್ ದುರಸ್ತಿ ಮೊದಲಾಗಬೇಕು.

ಹಲವರು ಮರೆಯುವ ಇನ್ನೊಂದು ಪರೀಕ್ಷೆಯಿದೆ. ಇಸಿಯು ತನ್ನ ಸೆನ್ಸರುಗಳಿಗೆ 5 ವೋಲ್ಟ್ ಒದಗಿಸುತ್ತದೆ. ಒಂದು ಸೆನ್ಸರ್ ಅಥವಾ ಅದರ ತಂತಿ ಶಾರ್ಟ್ ಆದರೂ ಈ 5 ವೋಲ್ಟ್ ಕುಸಿದು ಇಡೀ ಇಸಿಯು ಸತ್ತಂತೆ ಕಾಣುವುದುಂಟು. ಸೆನ್ಸರುಗಳ ಪ್ಲಗ್ಗುಗಳನ್ನು ಒಂದೊಂದಾಗಿ ಕಳಚುತ್ತಾ ಬಂದಾಗ ಯಾವುದನ್ನು ತೆಗೆದಾಗ 5 ವೋಲ್ಟ್ ಮರಳುತ್ತದೆಯೋ ಅದೇ ಅಪರಾಧಿ.

ಸ್ಕ್ಯಾನರ್ ಮತ್ತು ಸಂಕೇತಗಳು

ಭಾರತದಲ್ಲಿ ಕಾರುಗಳಿಗೆ ಒಬಿಡಿ ವ್ಯವಸ್ಥೆಯ ಮೊದಲ ಹಂತ 2010ರಲ್ಲಿ, ಎರಡನೇ ಹಂತ 2013ರಲ್ಲಿ ಜಾರಿಗೆ ಬಂತು. ಅದಕ್ಕಿಂತ ಹಳೆಯ ವಾಹನಗಳಲ್ಲಿ 16 ಪಿನ್ನಿನ ಸಾಕೆಟ್ ಇದ್ದರೂ ಅಗ್ಗದ ಸ್ಕ್ಯಾನರ್ ಸಂವಾದಿಸದಿರಬಹುದು. ಅಷ್ಟಕ್ಕೇ ಇಸಿಯು ಸತ್ತಿದೆ ಎನ್ನಲಾಗದು. ಆ ಮಾದರಿಗೆ ಹೊಂದುವ ಉಪಕರಣವನ್ನೇ ಬಳಸಬೇಕು.

ಸಂವಾದ ಸಾಧ್ಯವಾದಲ್ಲಿ ಸಂಕೇತಗಳು ದಾರಿ ತೋರುತ್ತವೆ. ಪಿ 0335 ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟ್ ದೋಷವನ್ನು, ಪಿ 0513 ಇಮ್ಮೊಬಿಲೈಸರ್ ಕೀಲಿಯ ತಕರಾರನ್ನು, ಪಿ 0641 ಮೇಲೆ ಹೇಳಿದ 5 ವೋಲ್ಟ್ ದೋಷವನ್ನು ಸೂಚಿಸುತ್ತವೆ. ಇಸಿಯುವಿನ ಆಂತರಿಕ ದೋಷಕ್ಕೆ ಪಿ 0601 ಮತ್ತು ಪಿ 0606 ಮುಖ್ಯ ಸೂಚಕಗಳು.

ಡಿಫೆಂಡರ್ ಹೇಳುವ ಪಾಠ

ಬ್ರಿಟನ್ನಿನ ಲ್ಯಾಂಡ್ ರೋವರ್ 1998ರಲ್ಲಿ ಪರಿಚಯಿಸಿದ ಐದು ಸಿಲಿಂಡರುಗಳ ಟಿಡಿ-5 ಡೀಸೆಲ್ ಎಂಜಿನ್ ಈ ವಿಷಯದಲ್ಲಿ ಉತ್ತಮ ನಿದರ್ಶನ. ಅದರ ಇಂಜೆಕ್ಟರುಗಳ ತಂತಿಗಳು ಎಂಜಿನ್ನಿನ ಮೇಲ್ಮುಚ್ಚಳದೊಳಗೆ ಎಣ್ಣೆಯ ನಡುವೆಯೇ ಇರುತ್ತವೆ. ವರ್ಷಗಳು ಉರುಳಿದಂತೆ ಎಣ್ಣೆಯು ದೀಪದ ಬತ್ತಿಯಲ್ಲಿ ಏರುವಂತೆ ತಂತಿಯೊಳಗೇ ಹರಿದು ಇಸಿಯುವಿನ ಕೆಂಪು ಪ್ಲಗ್ ತಲುಪುತ್ತದೆ. ಎಂಜಿನ್ ಎಡವುತ್ತದೆ, ಕೊನೆಗೆ ನಿಲ್ಲಲೂಬಹುದು. ಇಲ್ಲಿ ಬದಲಿಸಬೇಕಾದ್ದು ಇಸಿಯುವನ್ನಲ್ಲ. ಪ್ಲಗ್ ಶುಚಿಗೊಳಿಸಿ, ಒಳಗಿನ ತಂತಿಗಳ ಜೋಡಣೆಯನ್ನು ಬದಲಿಸಿದರೆ ಸಾಕು.

ಡಿಫೆಂಡರ್‌ನ ಭದ್ರತಾ ಘಟಕ 10ಎಎಸ್ ಪ್ರತ್ಯೇಕ ಪೆಟ್ಟಿಗೆ. ಅದು ಸ್ಟಾರ್ಟರನ್ನು ತಡೆಯುವುದಲ್ಲದೆ ಇಸಿಯುಗೆ ಗುಪ್ತ ಸಂಕೇತವನ್ನೂ ಕಳುಹಿಸುತ್ತದೆ. ಆದ್ದರಿಂದ ಸ್ಟಾರ್ಟರ್ ತಿರುಗದಿದ್ದಲ್ಲಿ ಈ ಘಟಕವನ್ನೂ, ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದಲ್ಲಿ ಎರಡರ ನಡುವಿನ ಸಂಕೇತದ ತಂತಿಯನ್ನೂ ಪರಿಶೀಲಿಸಬೇಕಾಗುತ್ತದೆ.

ನಿಜವಾಗಿ ಕೆಟ್ಟಾಗ

ವಿದ್ಯುತ್, ಅರ್ತ್, ಸೆನ್ಸರ್, ಕೀಲಿ ಎಲ್ಲವೂ ಸರಿಯಿದ್ದು, ಸರಿಯಾದ ಉಪಕರಣಕ್ಕೂ ಇಸಿಯು ಉತ್ತರಿಸದಿದ್ದರೆ ಮಾತ್ರ ಅದರ ಮುಚ್ಚಳ ತೆರೆಯಬೇಕು. ನೀರು ನುಗ್ಗಿದ ಹಸಿರು ಕಿಲುಬು, ಸುಟ್ಟ ಕಲೆ, ಉಬ್ಬಿದ ಕೆಪಾಸಿಟರ್ ಇವು ಸ್ಪಷ್ಟ ಸಾಕ್ಷ್ಯಗಳು. 1990ರ ಆಸುಪಾಸಿನ ಸುಜುಕಿ ವಿಟಾರಾದ ಇಸಿಯುಗಳಲ್ಲಿ ಕೆಪಾಸಿಟರಿನ ದ್ರವ ಸೋರಿ ಸರ್ಕ್ಯೂಟ್ ತಿನ್ನುವುದು ಹೆಸರಾದ ಕಾಯಿಲೆ. ಸೋರಿಕೆ ಹೆಚ್ಚು ಹಾನಿ ಮಾಡುವ ಮುನ್ನ ಕಂಡುಬಂದರೆ ನುರಿತ ತಂತ್ರಜ್ಞರು ಕೆಲವೇ ಬಿಡಿಭಾಗಗಳಿಂದ ಇದನ್ನು ದುರಸ್ತಿ ಮಾಡಬಲ್ಲರು.

ಗುಜರಿಯಿಂದ ಇಸಿಯು ತಂದು ಜೋಡಿಸುವವರು ಮತ್ತೊಂದು ಬಲೆಗೆ ಬೀಳುತ್ತಾರೆ. ಇಮ್ಮೊಬಿಲೈಸರ್ ಇರುವ ವಾಹನದ ಇಸಿಯು ತನ್ನ ಹಳೆಯ ಜೊತೆಗಾರನ ಸಂಕೇತವನ್ನೇ ನೆನಪಿಟ್ಟಿರುತ್ತದೆ. ಆದಕಾರಣ ಒಳ್ಳೆಯ ಇಸಿಯು ಕೂಡ ಹೊಸ ಜಾಗದಲ್ಲಿ ಎಂಜಿನ್ ಓಡಿಸದು. ಇಸಿಯು, ಇಮ್ಮೊಬಿಲೈಸರ್ ಮತ್ತು ಕೀಲಿ ಮೂರನ್ನೂ ಒಂದೇ ವಾಹನದಿಂದ ತರಬೇಕು, ಇಲ್ಲವೇ ತಜ್ಞರಿಂದ ಸಂಕೇತ ಹೊಂದಿಸಬೇಕು. ಟಿಡಿ-5ರಲ್ಲಿ ಐದೂ ಇಂಜೆಕ್ಟರುಗಳ ಸಂಖ್ಯೆಗಳನ್ನು ಸಹ ದಾಖಲಿಸಬೇಕಾಗುತ್ತದೆ.

ಮುನ್ನೆಚ್ಚರಿಕೆ

* ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿ ಸಂಪರ್ಕ ತೆಗೆಯಬೇಕು.
* ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕಳಚಲೇಬಾರದು; ಆಲ್ಟರ್ನೇಟರಿನ ವೋಲ್ಟೇಜ್ ಜಿಗಿತ ಇಸಿಯುವನ್ನು ಸುಡಬಲ್ಲದು.
* ಇಗ್ನಿಷನ್ ಚಾಲೂ ಇರುವಾಗ ಇಸಿಯು ಪ್ಲಗ್ ಕೀಳಬಾರದು.
* ನೀರು ದಾಟಿದ ಬಳಿಕ ಇಸಿಯು ಇರುವ ಜಾಗವನ್ನು ಒಣಗಿಸಬೇಕು. ಡಿಫೆಂಡರ್‌ನಲ್ಲಿ ಅದು ಮುಂದಿನ ಸೀಟಿನ ಕೆಳಗೇ ಇದೆ.
* ಹಳೆಯ ವಾಹನ ಕೊಳ್ಳುವಾಗ ಎರಡೂ ಕೀಲಿ ಮತ್ತು ಭದ್ರತಾ ಸಂಕೇತದ ಚೀಟಿಯನ್ನು ಕೇಳಿ ಪಡೆಯಬೇಕು.

ಇಸಿಯು ಬದಲಿಸಲು ಸಲಹೆ ಬಂದಾಗ ಮಾಲೀಕರು ಒಂದು ಪ್ರಶ್ನೆ ಕೇಳುವುದು ಒಳಿತು: ಅರ್ತ್ ಮತ್ತು 5 ವೋಲ್ಟ್ ಅಳತೆ ಎಷ್ಟು ಬಂತು? ಉತ್ತರ ದೊರೆಯದಿದ್ದರೆ ಪರೀಕ್ಷೆ ಇನ್ನೂ ಆರಂಭವಾಗಿಲ್ಲ ಎಂದೇ ತಿಳಿಯಬೇಕು.