ಮೂತ್ರದಲ್ಲಿ ಅರ್ಬುದದ ಸುಳಿವು: ಪ್ರನಾಳದಿಂದ ಚಿಪ್‌ವರೆಗೆ

ರಾಸಾಯನಿಕ ಪರೀಕ್ಷೆಯಿಂದ ಗುರುತಿಸಲಾದ ಮೊತ್ತಮೊದಲ ಕ್ಯಾನ್ಸರ್ ಸೂಚಕ ದೊರೆತದ್ದು ರಕ್ತದಲ್ಲಲ್ಲ, ಮೂತ್ರದಲ್ಲಿ. 1845ರಲ್ಲಿ ಲಂಡನ್ನಿನ ವೈದ್ಯರಾದ ಥಾಮಸ್ ವಾಟ್ಸನ್ ಮತ್ತು ವಿಲಿಯಂ ಮ್ಯಾಕಿಂಟೈರ್ ಅವರು ತೀವ್ರ ಮೂಳೆನೋವಿನಿಂದ ನರಳುತ್ತಿದ್ದ ವ್ಯಾಪಾರಿಯೊಬ್ಬರಿಗೆ ಚಿಕಿತ್ಸೆ ನೀಡುತ್ತಿದ್ದರು. ಆ ರೋಗಿಯ ಮೂತ್ರಕ್ಕೆ ನೈಟ್ರಿಕ್ ಆಮ್ಲ ಬೆರೆಸಿದಾಗ ಉಂಟಾಗುತ್ತಿದ್ದ ಒತ್ತರವು ಕಾಯಿಸಿದರೆ ಕರಗಿ, ಆರಿದರೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಸಾಮಾನ್ಯ ಆಲ್ಬುಮಿನ್ ಹೀಗೆ ವರ್ತಿಸುವುದಿಲ್ಲ. ಇದೇನೆಂದು ತಿಳಿಯಲು ಮಾದರಿಯನ್ನು ಸೇಂಟ್ ಜಾರ್ಜ್ಸ್ ಆಸ್ಪತ್ರೆಯ ಹೆನ್ರಿ ಬೆನ್ಸ್ ಜೋನ್ಸ್ ಅವರಿಗೆ ಕಳುಹಿಸಲಾಯಿತು. ಸಾವಿರ ಭಾಗ ಮೂತ್ರದಲ್ಲಿ ಸುಮಾರು 67 ಭಾಗ ಈ ವಸ್ತುವೇ ಇದೆಯೆಂದು ಅವರು ಲೆಕ್ಕಹಾಕಿದರು. ರೋಗಿ 1846ರ ಜನವರಿ 1ರಂದು ತೀರಿಕೊಂಡರು. ಬೆನ್ಸ್ ಜೋನ್ಸ್ ಅವರ ಬರಹಗಳು 1847 ಮತ್ತು 1848ರಲ್ಲಿ ಹೊರಬಂದವು. ಮ್ಯಾಕಿಂಟೈರ್ ಅವರ ವಿವರವಾದ ವರದಿ 1850ರಲ್ಲಿ. ರೋಗಿಯ ಬಳಿಯಿದ್ದು ಮೂತ್ರದ ಈ ವಿಚಿತ್ರವನ್ನು ಕಂಡ ವೈದ್ಯರ ಹೆಸರು ಹಿಂದೆ ಸರಿದು, ಪ್ರೋಟೀನಿಗೆ ರಸಾಯನಜ್ಞರ ಹೆಸರೇ ನಿಂತುಹೋಯಿತು. ಇದು ನ್ಯಾಯವೆನ್ನಲಾಗದು.

ಅದು ಮಜ್ಜೆಯ ಅರ್ಬುದವಾದ ಮೈಲೋಮಾದಲ್ಲಿ ಸ್ರವಿಸುವ ಪ್ರತಿಕಾಯದ ಹಗುರ ಸರಪಳಿಯೆಂದು ಎಡೆಲ್‌ಮನ್ ಮತ್ತು ಗ್ಯಾಲಿ 1962ರಲ್ಲಿ ತೋರಿಸಿದರು. ಈ ನಡುವೆ, 1945ರಲ್ಲಿ, ಪಾಪನಿಕೊಲಾವ್ ಮತ್ತು ಮಾರ್ಷಲ್ ಅವರು ಮೂತ್ರದ ಗಸಿಯಲ್ಲಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಮೂತ್ರಮಾರ್ಗದ ಕ್ಯಾನ್ಸರನ್ನು ಗುರುತಿಸುವ ವಿಧಾನವನ್ನು ಪ್ರಕಟಿಸಿದ್ದರು. ಪ್ರನಾಳದಲ್ಲಿ ಕಣ್ಣಿಗೆ ಕಂಡದ್ದು ಅಲ್ಲಿಗೆ ಮಸೂರದಡಿಯ ವಸ್ತುವಾಯಿತು. ಮುಂದಿನ ಹಂತದಲ್ಲಿ ಅರಸಬೇಕಾದದ್ದು ಅಣುಗಳನ್ನು.

ಅದಕ್ಕೆ ಬೇಕಾದ ಸಾಧನಗಳು ಬೇರೆ ಬೇರೆ ದಿಕ್ಕಿನಿಂದ ಬಂದವು. ಕಿಣ್ವವನ್ನು ವಿದ್ಯುದಗ್ರಕ್ಕೆ ಜೋಡಿಸುವ ಜೈವಿಕ ಸಂವೇದಕದ ಕಲ್ಪನೆಯನ್ನು ಲೆಲ್ಯಾಂಡ್ ಕ್ಲಾರ್ಕ್ ಮತ್ತು ಲಯನ್ಸ್ 1962ರಲ್ಲಿ ಮುಂದಿಟ್ಟರು. ನೆದರ್ಲೆಂಡ್ಸಿನ ಪೀಟ್ ಬರ್ಗ್‌ವೆಲ್ಡ್ 1970ರಲ್ಲಿ ಅಯಾನುಗಳಿಗೆ ಸ್ಪಂದಿಸುವ ಟ್ರಾನ್ಸಿಸ್ಟರನ್ನು ವಿವರಿಸಿದರು. 1979ರಲ್ಲಿ ಸ್ಟ್ಯಾನ್‌ಫರ್ಡ್‌ನ ಟೆರಿ ಮತ್ತು ಸಂಗಡಿಗರು ಅನಿಲ ವಿಶ್ಲೇಷಕವೊಂದನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಕೊರೆದರು. ಮಾದರಿ ಸಿದ್ಧತೆಯಿಂದ ಮಾಪನದವರೆಗಿನ ಎಲ್ಲ ಕೆಲಸವೂ ಒಂದೇ ಕಿರು ಸಾಧನದಲ್ಲಿ ನಡೆಯಬೇಕೆಂಬ ಕಾರ್ಯಕ್ರಮಕ್ಕೆ ಆಂಡ್ರಿಯಾಸ್ ಮಾನ್ಜ್ ಮತ್ತು ಸಂಗಡಿಗರ 1990ರ ಲೇಖನ ಆಧಾರವಾಯಿತು. ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ 1998ರಲ್ಲಿ ಸಿಲಿಕೋನ್ ರಬ್ಬರಿನಲ್ಲಿ ಕಾಲುವೆಗಳನ್ನು ಎರಕಹೊಯ್ಯುವ ಸುಲಭ ವಿಧಾನವನ್ನು ತೋರಿಸಿದ ಬಳಿಕ ಚಿಪ್ ತಯಾರಿಕೆ ಸಾಮಾನ್ಯ ಪ್ರಯೋಗಾಲಯಗಳಿಗೂ ಎಟುಕಿತು.

ಚಿಕ್ಕದು ಮಾಡಿದಷ್ಟೂ ಒಳ್ಳೆಯದೆಂಬ ಭಾವನೆ ಈ ಕಾಲದ ಬರಹಗಳಲ್ಲಿ ವ್ಯಾಪಕವಾಗಿತ್ತು. ಕ್ಯಾನ್ಸರ್ ಸೂಚಕಗಳ ವಿಷಯದಲ್ಲಿ ಅದು ಅರ್ಧಸತ್ಯ. ಸೂಚಕದ ಸಾಂದ್ರತೆ ಒಂದು ಫೆಮ್ಟೋಮೋಲಾರ್ ಇದ್ದರೆ ಒಂದು ಮೈಕ್ರೋಲೀಟರ್ ಮೂತ್ರದಲ್ಲಿ ಸುಮಾರು 600 ಅಣುಗಳಿರುತ್ತವೆ. ಅದರ ಸಾವಿರದ ಒಂದು ಭಾಗವಾದ ನ್ಯಾನೋಲೀಟರಿನಲ್ಲಿ ಸರಾಸರಿ ಒಂದು ಅಣುವೂ ಇರುವುದಿಲ್ಲ. ಹನಿ ಕಿರಿದಾದಂತೆ ಹುಡುಕುವ ವಸ್ತುವೇ ಕೈತಪ್ಪುತ್ತದೆ. ಬೆನ್ಸ್ ಜೋನ್ಸ್ ಅವರಿಗೆ ಈ ತೊಡಕು ಎದುರಾಗಲಿಲ್ಲ; ಅವರ ರೋಗಿಯ ಕಾಯಿಲೆ ಅಷ್ಟು ಮುಂದುವರಿದಿತ್ತು. ಆರಂಭದ ಹಂತದಲ್ಲೇ ರೋಗವನ್ನು ಹಿಡಿಯಬೇಕೆಂಬ ಆಧುನಿಕ ಗುರಿಯೇ ಕೊರತೆಯ ಈ ಲೆಕ್ಕವನ್ನು ತಂದಿಟ್ಟಿತು.

ಮೂತ್ರದ ಸ್ವಭಾವವೂ ಸಂವೇದಕಕ್ಕೆ ಅನುಕೂಲವಲ್ಲ. ಕುಡಿದ ನೀರಿಗೆ ತಕ್ಕಂತೆ ಅದರ ಸಾಂದ್ರತೆ ಬದಲಾಗುವುದರಿಂದ ಫಲಿತಾಂಶವನ್ನು ಕ್ರಿಯಾಟಿನಿನ್ ಪ್ರಮಾಣದೊಡನೆ ಹೋಲಿಸಬೇಕಾಗುತ್ತದೆ. ಅದರಲ್ಲಿನ ಲವಣಗಳು ಅಣುಗಳ ವಿದ್ಯುದಾವೇಶವನ್ನು ಒಂದು ನ್ಯಾನೋಮೀಟರಿಗೂ ಕಡಿಮೆ ಅಂತರದಲ್ಲಿ ಮರೆಮಾಡುತ್ತವೆ. ಪ್ರತಿಕಾಯದ ಉದ್ದವೇ ಸುಮಾರು 10 ನ್ಯಾನೋಮೀಟರ್. ಹೀಗಾಗಿ ಅದರ ತುದಿಗೆ ಅಂಟಿದ ಸೂಚಕದ ಆವೇಶವನ್ನು ಟ್ರಾನ್ಸಿಸ್ಟರ್ ಬಹುಮಟ್ಟಿಗೆ ಗ್ರಹಿಸಲಾರದು.

ಚಿಕಿತ್ಸಾಲಯವನ್ನು ಮೊದಲು ತಲುಪಿದ್ದು ಕೊರೆದ ಕಾಲುವೆಗಳ ಚಿಪ್ ಅಲ್ಲ, ಗರ್ಭಪರೀಕ್ಷೆಯ ಪಟ್ಟಿಯನ್ನು ಹೋಲುವ ಸರಳ ಸಾಧನ. ಮೂತ್ರಕೋಶದ ಕ್ಯಾನ್ಸರಿಗಾಗಿ ರೂಪಿಸಿದ ಬ್ಲ್ಯಾಡರ್‌ಚೆಕ್‌ನಲ್ಲಿ ನಾಲ್ಕು ಹನಿ ಮೂತ್ರ ಹಾಕಿದರೆ ಎನ್‌ಎಂಪಿ22 ಎಂಬ ಪ್ರೋಟೀನಿನ ಇರವು ತಿಳಿಯುತ್ತದೆ. ಅಪಾಯಕಾರಣಗಳು ಅಥವಾ ರೋಗಲಕ್ಷಣಗಳಿದ್ದ 1331 ಮಂದಿಯ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಇದ್ದ 79 ಮಂದಿಯಲ್ಲಿ ಈ ಸಾಧನ ಪತ್ತೆಹಚ್ಚಿದ್ದು 44 ಮಂದಿಯನ್ನು, ಅಂದರೆ ಶೇಕಡ 55.7, ಜೀವಕೋಶ ಪರೀಕ್ಷೆ ಪತ್ತೆಹಚ್ಚಿದ್ದು ಶೇಕಡ 15.8 ಮಾತ್ರ. ಆದರೆ ರೋಗವಿಲ್ಲದವರನ್ನು ಸರಿಯಾಗಿ ಬಿಟ್ಟುಕೊಡುವುದರಲ್ಲಿ ಹಳೆಯ ವಿಧಾನದ್ದು ಶೇಕಡ 99.2, ಹೊಸದರದ್ದು 85.7. ಸೋಂಕು, ಕಲ್ಲು, ಉರಿಯೂತಗಳಲ್ಲಿಯೂ ಆ ಪ್ರೋಟೀನು ಏರುವುದೇ ಇದಕ್ಕೆ ಮುಖ್ಯ ಕಾರಣ. ಇದು ಸಾಧನದ ದೋಷಕ್ಕಿಂತ ಸೂಚಕದ ದೋಷ. ಸಂವೇದಕ ಎಷ್ಟು ಸೂಕ್ಷ್ಮವಾದರೂ ಅದನ್ನು ತಿದ್ದಲಾರದು.

ಅಣುಗಳ ಕೊರತೆಗೆ ಒಂದು ಉತ್ತರ 2017ರಲ್ಲಿ ಜಪಾನಿನ ನಗೋಯಾದಿಂದ ಬಂತು. ಯಸುಯಿ ಮತ್ತು ಸಂಗಡಿಗರು ಸತುವಿನ ಆಕ್ಸೈಡಿನ ನ್ಯಾನೋತಂತಿಗಳನ್ನು ಕಾಲುವೆಯೊಳಗೆ ನೆಟ್ಟು, ಒಂದು ಮಿಲಿಲೀಟರ್ ಮೂತ್ರವನ್ನು ಅದರ ಮೂಲಕ ಹರಿಸಿದರು. ಜೀವಕೋಶಗಳು ಹೊರಚೆಲ್ಲುವ ಕಿರುಕೋಶಿಕೆಗಳು ತಂತಿಗಳಿಗೆ ಅಂಟಿಕೊಂಡವು. ಅವುಗಳೊಳಗಿನ ಸುಮಾರು ಸಾವಿರ ಬಗೆಯ ಸೂಕ್ಷ್ಮ ಆರ್‌ಎನ್‌ಎಗಳನ್ನು ಗುರುತಿಸುವುದು ಸಾಧ್ಯವಾಯಿತು. ಇಲ್ಲಿ ಚಿಪ್ ಕಿರಿದಾಗಿಯೇ ಉಳಿದು, ಅದಕ್ಕುಣಿಸಿದ ಮೂತ್ರದ ಪ್ರಮಾಣ ಹಿರಿದಾದದ್ದು ಗಮನಾರ್ಹ. ಮೂತ್ರಕೋಶ ಮತ್ತು ಪ್ರಾಸ್ಟೇಟ್ ಮಾತ್ರವಲ್ಲ, ಮೂತ್ರಮಾರ್ಗದಿಂದ ದೂರವಿರುವ ಶ್ವಾಸಕೋಶ, ಮೇದೋಜೀರಕ ಗ್ರಂಥಿ ಮತ್ತು ಯಕೃತ್ತಿನ ಕ್ಯಾನ್ಸರ್ ರೋಗಿಗಳ ಮೂತ್ರದಲ್ಲಿಯೂ ಅವರು ವ್ಯತ್ಯಾಸಗಳನ್ನು ಕಂಡರು. ಅವುಗಳನ್ನು ತಂಡವು ಸೂಚಕಗಳೆಂದು ಸಾರದೆ, ಸೂಚಕಗಳಾಗಬಲ್ಲ ಅಭ್ಯರ್ಥಿಗಳೆಂದಷ್ಟೇ ಕರೆಯಿತು.