ಕ್ರೋನ್ಸ್ ಕಾಯಿಲೆ: ಶಸ್ತ್ರಚಿಕಿತ್ಸೆಯ ನಂತರದ ಔಷಧಗಳ ಅಡ್ಡಪರಿಣಾಮ ನಿರ್ವಹಣೆ

ಕ್ರೋನ್ಸ್ ಕಾಯಿಲೆಯು ಜೀರ್ಣನಾಳದ ದೀರ್ಘಕಾಲಿಕ ಉರಿಯೂತವಾಗಿದೆ. ಬರ್ರಿಲ್ ಕ್ರೋನ್ ಮತ್ತು ಅವರ ಸಹೋದ್ಯೋಗಿಗಳು 1932ರಲ್ಲಿ ಇದನ್ನು ವಿವರಿಸಿದರು. ಕರುಳು ಕಿರಿದಾದಾಗ ಅಥವಾ ರಂಧ್ರವಾದಾಗ ರೋಗಪೀಡಿತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗುತ್ತದೆ. ಇದರಿಂದ ಕಾಯಿಲೆ ಪೂರ್ಣವಾಗಿ ಗುಣವಾಗುವುದಿಲ್ಲ. ಕರುಳನ್ನು ಜೋಡಿಸಿದ ಸ್ಥಳದಲ್ಲಿ ಉರಿಯೂತವು ಲಕ್ಷಣಗಳಿಲ್ಲದೆಯೇ ಮರುಕಳಿಸಬಹುದು. ಆದ್ದರಿಂದ 6ರಿಂದ 12 ತಿಂಗಳೊಳಗೆ ಕೊಲೊನೋಸ್ಕೋಪಿ ಪರೀಕ್ಷೆ ಮಾಡಲಾಗುತ್ತದೆ. ಅಡ್ಡಪರಿಣಾಮಕ್ಕೆ ಹೆದರಿ ಔಷಧವನ್ನು ತಾವಾಗಿಯೇ ನಿಲ್ಲಿಸಿದರೆ ಮರುಕಳಿಕೆಯ ಸಾಧ್ಯತೆ ಹೆಚ್ಚುತ್ತದೆ.

ಔಷಧಗಳು ಮತ್ತು ಅಡ್ಡಪರಿಣಾಮಗಳು

• ಅಜಥಯೋಪ್ರಿನ್: ವಾಕರಿಕೆ, ಯಕೃತ್ತಿನ ತೊಂದರೆ, ಮೇದೋಜೀರಕ ಗ್ರಂಥಿಯ ಉರಿಯೂತ ಮತ್ತು ಬಿಳಿ ರಕ್ತಕಣಗಳ ಇಳಿಕೆ ಉಂಟಾಗಬಹುದು. ಆರಂಭದ ವಾರಗಳಲ್ಲಿ ಪದೇ ಪದೇ, ನಂತರ ಸುಮಾರು 3 ತಿಂಗಳಿಗೊಮ್ಮೆ ರಕ್ತಪರೀಕ್ಷೆ ಅಗತ್ಯ. ಭಾರತೀಯರೂ ಸೇರಿದಂತೆ ಏಷ್ಯಾದ ಜನರಲ್ಲಿ ಎನ್‌ಯುಡಿಟಿ15 ಜೀನಿನ ಭಿನ್ನತೆಯು ರಕ್ತಕಣಗಳ ಇಳಿಕೆಗೆ ಪ್ರಮುಖ ಕಾರಣ. ಗೌಟ್ ರೋಗದ ಅಲೋಪ್ಯೂರಿನಾಲ್ ಮಾತ್ರೆಯನ್ನು ಇದರೊಡನೆ ಸೇವಿಸುವುದು ಅಪಾಯಕಾರಿ.
• ಮೆಟ್ರೊನಿಡಜೋಲ್: ಬಾಯಲ್ಲಿ ಲೋಹದ ರುಚಿ ಕಾಣಿಸಬಹುದು. ಕೈಕಾಲು ಜುಮುಗುಟ್ಟಿದರೆ ವೈದ್ಯರಿಗೆ ಕೂಡಲೇ ತಿಳಿಸಬೇಕು.
• ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್: ದೇಹದಲ್ಲಿ ಸುಪ್ತವಾಗಿರುವ ಕ್ಷಯವು ಜಾಗೃತವಾಗಬಹುದು. ಆದ್ದರಿಂದ ಮೊದಲೇ ಎದೆಯ ಎಕ್ಸ್-ರೇ ಮತ್ತು ಕ್ಷಯದ ತಪಾಸಣೆ ಮಾಡಲಾಗುತ್ತದೆ. ಕರುಳಿನ ಕ್ಷಯವು ಕ್ರೋನ್ಸ್ ಕಾಯಿಲೆಯನ್ನೇ ಹೋಲುವುದರಿಂದ ಭಾರತದಲ್ಲಿ ಈ ತಪಾಸಣೆಗೆ ವಿಶೇಷ ಮಹತ್ವವಿದೆ.
• ಸ್ಟೀರಾಯ್ಡ್: ಸಕ್ಕರೆಯ ಪ್ರಮಾಣ ಏರಬಹುದು, ಮೂಳೆ ದುರ್ಬಲವಾಗಬಹುದು. ಇದನ್ನು ಹಠಾತ್ತನೆ ನಿಲ್ಲಿಸಬಾರದು.

ಶಸ್ತ್ರಚಿಕಿತ್ಸೆಯದೇ ಪರಿಣಾಮಗಳು

ಎಲ್ಲ ಭೇದಿಯೂ ಔಷಧದಿಂದಾಗಲಿ ಮರುಕಳಿಕೆಯಿಂದಾಗಲಿ ಬರುವುದಲ್ಲ. ಸಣ್ಣ ಕರುಳಿನ ಕೊನೆಯ ಭಾಗವನ್ನು ತೆಗೆದಾಗ ಪಿತ್ತಾಮ್ಲಗಳ ಮರುಹೀರಿಕೆ ಕುಗ್ಗಿ ನೀರುಭೇದಿಯಾಗಬಹುದು. ಇದಕ್ಕೆ ಕೊಲೆಸ್ಟಿರಮಿನ್ ನೀಡಲಾಗುತ್ತದೆ. ಅದು ಇತರ ಔಷಧಗಳ ಹೀರಿಕೆಯನ್ನು ತಡೆಯುವುದರಿಂದ ಅವನ್ನು 1 ಗಂಟೆ ಮೊದಲು ಅಥವಾ 4ರಿಂದ 6 ಗಂಟೆಗಳ ನಂತರ ಸೇವಿಸಬೇಕು. ಬಿ12 ಜೀವಸತ್ವದ ಕೊರತೆಗೆ ಚುಚ್ಚುಮದ್ದು ಬೇಕಾಗಬಹುದು.

ಬೆಳಗಾವಿ ಮತ್ತು ಖಾನಾಪುರ

ಬೆಳಗಾವಿ ನಗರದಲ್ಲಿ 1963ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಸರ್ಕಾರಿ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇವೆ. ನಗರದಿಂದ ಸುಮಾರು 25 ಕಿ.ಮೀ. ದೂರದಲ್ಲಿರುವ ಖಾನಾಪುರದ ತಾಲೂಕು ಪಶ್ಚಿಮಘಟ್ಟದ ಕಾಡಿನಂಚಿನ ಹಳ್ಳಿಗಳನ್ನು ಒಳಗೊಂಡಿದ್ದು, ಅಲ್ಲಿ ಮಳೆ ಹೆಚ್ಚು. ಇಂತಹ ಪ್ರದೇಶದ ರೋಗಿಗಳು ಮಳೆಗಾಲಕ್ಕೆ ಮುನ್ನ ಔಷಧವನ್ನು ಸಂಗ್ರಹಿಸಿಟ್ಟುಕೊಳ್ಳುವುದು, ಕುದಿಸಿದ ನೀರು ಕುಡಿಯುವುದು ಮತ್ತು ರಕ್ತಪರೀಕ್ಷೆಯ ವರದಿಗಳನ್ನು ಒಂದೆಡೆ ಇಡುವುದು ಉಪಯುಕ್ತ.

ತುರ್ತು ಲಕ್ಷಣಗಳು

ಜ್ವರ, ಗಂಟಲುನೋವು, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಮಲದಲ್ಲಿ ರಕ್ತ ಅಥವಾ ಕಾಮಾಲೆ ಕಂಡುಬಂದರೆ ತಕ್ಷಣ ವೈದ್ಯರನ್ನು ಕಾಣಬೇಕು. ಐಬುಪ್ರೊಫೇನ್‌ನಂತಹ ನೋವುನಿವಾರಕಗಳನ್ನು ಸಲಹೆಯಿಲ್ಲದೆ ಸೇವಿಸಬಾರದು. ಧೂಮಪಾನವು ಮರುಕಳಿಕೆಯನ್ನು ಹೆಚ್ಚಿಸುವುದರಿಂದ ಅದನ್ನು ತ್ಯಜಿಸಬೇಕು.